ಚಕ್ರದ ಹಿಮ್ಮಡಿ

ಕಳೆದ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಮೆಟ್ಟಿಲ ಮೇಲೆ ಒಂದು ವಾಷಿಂಗ್ ಸೋಡಾದ ಪೊಟ್ಟಣ ಇತ್ತು. ಹಳೆಯ ಪೊಟ್ಟಣ, ಆದರೆ ಬಾಯಿ ಬಿಚ್ಚಿರಲಿಲ್ಲ. ಒಳಗಿನ ಪುಡಿ ತೇವ ಕುಡಿದು ಗಟ್ಟಿಯಾಗಿ ಕಲ್ಲಾಗಿತ್ತು. ಅದನ್ನು ಯಾರೋ ನನ್ನ ಬಕೆಟಿನ ಪಕ್ಕದಲ್ಲಿ, ಬ್ರಶ್ಶಿಗೆ ತಾಗಿಸಿ, ನೆಟ್ಟಗೆ ನಿಲ್ಲಿಸಿದ್ದರು. ಯಾರೋ ಎಂದೆ. ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಹೆಂಡತಿ ವನಜಾ. ನಾನಂತೂ ಇಟ್ಟಿರಲಿಲ್ಲ.

ಒಂದು ಸೋಡಾ ಪೊಟ್ಟಣ ನೋಡಿ ಬೆಳಗಿನ ತಂಪಿನಲ್ಲೂ ಬೆವರುವ ಗಂಡಸು ಎಂಥವನು ಎಂದು ನಿಮಗೆ ಅನಿಸಬಹುದು. ಎರಡು ವರ್ಷದ ಹಿಂದೆ ಹೆಂಡತಿಗೆ ಒಂದೇ ಒಂದು ಶಬ್ದದ ಸುಳ್ಳು ಹೇಳಿದ ಗಂಡಸು. ಆ ಸುಳ್ಳಿಗೆ ಇದ್ದ ಏಕೈಕ ಸಾಕ್ಷಿ ಈ ಪೊಟ್ಟಣ. ಅದನ್ನು ಬಚ್ಚಲಿನ ಹಂಡೆಯ ಹಿಂದೆ ತುರುಕಿ ಮರೆತಿದ್ದೆ. ಮರೆತಿದ್ದೆ ಎಂದು ಬರೆಯುವಾಗಲೂ ನಾನು ಸ್ವಲ್ಪ ಸುಳ್ಳನ್ನೇ ಹೇಳುತ್ತಿದ್ದೇನೆ.

ನಾನು ಪುಂಜಾಲಕಟ್ಟೆಯ ಹತ್ತಿರದ ಶಾಲೆಯೊಂದರಲ್ಲಿ ಮೂವತ್ತು ಚಿಲ್ಲರೆ ವರ್ಷ ಕನ್ನಡ ಪಾಠ ಮಾಡಿ ನಿವೃತ್ತನಾದವನು. ವನಜಾ ದನದ ಡಾಕ್ಟರು. ಊರಿನಲ್ಲಿ ಈಗ ನನ್ನನ್ನು ಮಾಷ್ಟ್ರು ಎನ್ನುವವರಿಗಿಂತ ಡಾಕ್ಟ್ರಮ್ಮನ ಯಜಮಾನ್ರು ಎನ್ನುವವರೇ ಹೆಚ್ಚು. ನಮ್ಮ ಸಣ್ಣ ಬಿಳಿ ಕಾರನ್ನು ಓಡಿಸುವುದೂ ಅವಳೇ. ನನಗೆ ಬರುವುದಿಲ್ಲ. ಕಲಿಯಲು ಹೋಗಲಿಲ್ಲವೆಂದಲ್ಲ. ಡ್ರೈವಿಂಗ್ ಕಲಿಸುವಾತ ನನ್ನ ಹಳೆಯ ವಿದ್ಯಾರ್ಥಿ. ಹದಿನೇಳು ದಿನ ಗೌರವದಿಂದ ಕಲಿಸಿದ. ಹದಿನೆಂಟನೆಯ ದಿನ ನಾನು ಹಿಂದೆ ಹೋಗಬೇಕಾದಲ್ಲಿ ಮುಂದೆ ಹೋಗಿ ಪಂಚಾಯತಿನ ನೀರಿನ ಟಾಂಕಿಯ ಹತ್ತಿರ ನಿಂತಾಗ ಮೆಲ್ಲಗೆ ಹೇಳಿದ:

“ಸರ್, ಎಂಟನೇ ಕ್ಲಾಸಿನಲ್ಲಿ ನನಗೆ ಸಂಧಿ ತಲೆಗೆ ಹೋಗದಿದ್ದಾಗ ನೀವು ಬೈಯದೆ ಬಿಟ್ಟುಬಿಟ್ಟಿದ್ರಿ. ಇದನ್ನೂ ಹಾಗೆ ಬಿಟ್ಟುಬಿಡುವ.”

ಬಿಟ್ಟುಬಿಟ್ಟೆವು. ಅಂದಿನಿಂದ ನಮ್ಮಲ್ಲಿ ಕೆಲಸ ಪಾಲಾಗಿದೆ. ಸ್ಟಿಯರಿಂಗ್ ಅವಳದು, ಚಕ್ರ ನನ್ನದು. ಅವಳು ದಿನವಿಡೀ ದನದ ಹಟ್ಟಿಯಿಂದ ಹಟ್ಟಿಗೆ ಹೋಗುತ್ತಾಳೆ, ಸಂಜೆ ನಾನು ಚಕ್ರ ತೊಳೆಯುತ್ತೇನೆ. ಕಾರಿನ ಮೈಯನ್ನು ಯಾರು ಬೇಕಾದರೂ ತೊಳೆಯಲಿ, ಅದಕ್ಕೆ ನನ್ನ ತಕರಾರಿಲ್ಲ. ಚಕ್ರಕ್ಕೆ ಬೇರೆಯವರು ಕೈ ಹಾಕಿದರೆ ನನಗೆ ಸರಿ ಬರುವುದಿಲ್ಲ.

ಈ ಕೆಲಸದಿಂದ ನನಗೆ ಒಂದು ವಿದ್ಯೆ ಒಲಿದಿದೆ. ಚಕ್ರದ ಮಣ್ಣು ನೋಡಿ ಗಾಡಿ ಎಲ್ಲಿಗೆ ಹೋಗಿತ್ತು ಎಂದು ಹೇಳಬಲ್ಲೆ. ಅಳದಂಗಡಿಯ ಕಡೆಯ ಒಳರಸ್ತೆಯ ಮಣ್ಣು ಕುಂಕುಮದಂತೆ ಕೆಂಪು, ಅಂಟು ಜಾಸ್ತಿ, ಟಯರಿನ ಗೀರುಗಳಲ್ಲಿ ಕೂತರೆ ಕಡ್ಡಿ ಹಾಕಿ ಕೆದಕಬೇಕು. ಮೂಡಬಿದಿರೆಯ ಕಡೆಗೆ ಹೋದರೆ ಕಲ್ಲಿನ ಕೋರೆಯ ನಯವಾದ ಹುಡಿ ರಿಮ್ಮಿನ ಮೇಲೆ ಹರಡಿರುತ್ತದೆ, ಬೆರಳಿನಲ್ಲಿ ಹೆಸರು ಬರೆಯಬಹುದು. ಪೊಳಲಿಯ ಕಡೆಯದ್ದು ಹೊಳೆಬದಿಯ ಬೂದು ಮಣ್ಣು, ಮರಳು ಬೆರೆತದ್ದು, ನೀರು ಬಿದ್ದರೆ ಸಾಕು ಇಳಿದು ಹೋಗುತ್ತದೆ. ಬಂಟ್ವಾಳ ಪೇಟೆಗೆ ಹೋದ ದಿನ ಮಾತ್ರ ಏನೆಂದು ಹೇಳಲಾಗದ ಕಪ್ಪು. ಮೊದಮೊದಲು ವನಜಾಳಿಗೆ ಇದು ತಮಾಷೆಯಾಗಿತ್ತು. “ಇವತ್ತು ಎಲ್ಲಿ ಹೇಳಿ ನೋಡುವ” ಎಂದು ಕೀಲಿಕೈ ಎಸೆಯುತ್ತಿದ್ದಳು. ನಾನು ಕೂತು ನೋಡಿ ಹೇಳುತ್ತಿದ್ದೆ. ಹತ್ತಕ್ಕೆ ಎಂಟು ಸಲ ಸರಿಯಿರುತ್ತಿತ್ತು. ಒಮ್ಮೆ ತಪ್ಪಿದಾಗ ಅವಳು ಹೇಳಿದ ಊರೇ ತಪ್ಪು ಎಂದು ವಾದಿಸಿದ್ದೂ ಉಂಟು.

ತೊಳೆಯುವುದರ ಮೇಲೆ ನನಗೆ ಈ ಪ್ರೀತಿ ಹುಟ್ಟಿನಿಂದ ಬಂದದ್ದಲ್ಲ. ನಿಜ ಹೇಳಬೇಕೆಂದರೆ ಸಣ್ಣವನಿದ್ದಾಗ ನಾನು ತೊಳೆಯದ ಜಾತಿ. ನಮ್ಮ ಮನೆಯಲ್ಲಿ ಹೊರಗಿನಿಂದ ಬಂದವರು ಮೆಟ್ಟಿಲ ಬದಿಯ ತಾಮ್ರದ ಚೆಂಬಿನ ನೀರಲ್ಲಿ ಕಾಲು ತೊಳೆದೇ ಒಳಗೆ ಬರಬೇಕಿತ್ತು. ನಾನು ಹೆಬ್ಬೆರಳಿನ ಮೇಲೆ ನಾಲ್ಕು ಹನಿ ಬೀಳಿಸಿ, ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಕಾಣುವಷ್ಟು ಮಾತ್ರ ಮಾಡಿ, ಒಳಗೆ ನುಗ್ಗುತ್ತಿದ್ದೆ. ಅಜ್ಜಿಗೆ ಕಣ್ಣು ಮಂಜು. ಅದಕ್ಕೇ ಅವಳು ಕಣ್ಣನ್ನು ನಂಬುತ್ತಿರಲಿಲ್ಲ. ಹೊಸ್ತಿಲಲ್ಲಿ ಕೂತು, ಕಾಲು ಹಿಡಿದು, ಹಿಮ್ಮಡಿಗೆ ಬೆರಳು ಇಡುತ್ತಿದ್ದಳು.

“ಹಿಮ್ಮಡಿ ಒಣಗಿದೆ ಮಗಾ. ಮುಂದೆ ತೊಳೆಯುವುದು ಊರಿಗೆ ತೋರಿಸಲಿಕ್ಕೆ. ಹಿಂದೆ ತೊಳೆಯುವುದು ಮನೆಗೆ.”

ಮತ್ತೆ ಅಂಗಳಕ್ಕೆ. ಮತ್ತೆ ಚೆಂಬು. ಎಷ್ಟು ವರ್ಷ ಈ ಆಟ ನಡೆಯಿತೋ ಏನೋ, ಒಮ್ಮೆಯೂ ನಾನು ಗೆಲ್ಲಲಿಲ್ಲ. ಅಜ್ಜಿ ಒಮ್ಮೆಯೂ ಹೊಡೆಯಲಿಲ್ಲ, ಅಪ್ಪನಿಗೆ ದೂರು ಹೇಳಲಿಲ್ಲ. ಬೆರಳು ಇಟ್ಟು ನೋಡುತ್ತಿದ್ದಳು, ಅಷ್ಟೆ. ಅವಳ ಆ ಒಣ ಬೆರಳಿನ ನೆನಪು ನನ್ನ ಹಿಮ್ಮಡಿಗೆ ಈಗಲೂ ಇದೆ.

ಚಕ್ರ ತೊಳೆಯುವುದನ್ನು ನನಗೆ ಶಾಸ್ತ್ರೋಕ್ತವಾಗಿ ಕಲಿಸಿದವರು ನೆರೆಮನೆಯ ಹಮೀದಾಕ. ನಮ್ಮ ಕರಾವಳಿಯ ಮುಸ್ಲಿಮರಾದ ಬ್ಯಾರಿಗಳು ಹಿರಿಯರ ಹೆಸರಿಗೆ ‘ಆಕ’ ಸೇರಿಸಿ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಗಲ್ಫಿನಲ್ಲಿ ಬಹಳ ವರ್ಷ ಇದ್ದು ಬಂದವರು. ಅಲ್ಲಿ ಏನು ಕೆಲಸ ಎಂದು ಊರಿನಲ್ಲಿ ಕೇಳಿದವರಿಗೆಲ್ಲ ‘ಗಾಡಿಯ ಲೈನು’ ಎನ್ನುತ್ತಿದ್ದರು. ಒಂದು ದಿನ ನಾನು ಕಾರಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಆಗಷ್ಟೇ ಬಂದು ನಿಂತ ಬಿಸಿ ಚಕ್ರಕ್ಕೆ ಬಾವಿಯ ತಣ್ಣೀರು ಎರಚುವುದನ್ನು ಬೇಲಿಯ ಆಚೆಯಿಂದ ನೋಡಿದರು. ನೋಡಿ ತಡೆಯಲಾಗಲಿಲ್ಲ. ಲುಂಗಿ ಎತ್ತಿ ಕಟ್ಟಿ ಬೇಲಿ ದಾಟಿಯೇ ಬಂದರು.

“ಎಂತ ಮಾಷ್ಟ್ರೆ ನೀವು, ಓಡಿ ಬಂದವನ ತಲೆಗೆ ಐಸ್ ನೀರು ಹಾಕಿದ ಹಾಗೆ. ಅರ್ಧ ಗಂಟೆ ಬಿಡಿ, ಅದು ಉಸಿರು ತೆಗೆದುಕೊಳ್ಳಲಿ.”

ಆ ದಿನವೇ ನನಗೆ ಗೊತ್ತಾದದ್ದು, ಅವರು ಗಲ್ಫಿನಲ್ಲಿ ಅಷ್ಟೂ ವರ್ಷ ಬೇರೆಯವರ ಕಾರಿನ ಚಕ್ರಗಳನ್ನೇ ತೊಳೆದವರು ಎಂದು. ಅದನ್ನು ಹೇಳಲು ಅವರಿಗೆ ನಾಚಿಕೆಯಿತ್ತೋ ಏನೋ, ಆದರೆ ಕೆಲಸ ತೋರಿಸಲು ಇರಲಿಲ್ಲ. ಚಕ್ರದ ಬಕೆಟು ಬೇರೆ, ಮೈಯ ಬಕೆಟು ಬೇರೆ. ಚಕ್ರಕ್ಕೆ ಬಳಸಿದ ಬಟ್ಟೆಯಿಂದ ಮೈ ಒರೆಸಿದರೆ ಬಣ್ಣದ ಮೇಲೆ ಗೀರು. ಮೊದಲು ಬರೀ ನೀರು, ಮಣ್ಣು ನೆನೆಯಲಿ. ಆಮೇಲೆ ಸಾಬೂನಿನ ನೀರು. ರಿಮ್ಮಿನ ತೂತುಗಳಿಗೆ ಕೈ ಹಾಕಿ ಒಳಮುಖದಿಂದ ಶುರು ಮಾಡಬೇಕು, ಹೊರಮುಖ ಕೊನೆಗೆ. ನಟ್ಟುಗಳ ಸುತ್ತ ಹಳೆಯ ಹಲ್ಲಿನ ಬ್ರಶ್ಶು. ಟಯರಿಗೆ ತೆಂಗಿನ ನಾರು ಸಾಕು. ಬಿಸಿಲಲ್ಲಿ ಒಣಗಲು ಬಿಡದೆ ಒಣಬಟ್ಟೆಯಲ್ಲಿ ಒರೆಸಬೇಕು, ಇಲ್ಲವಾದರೆ ನೀರಿನ ಕಲೆ.

“ಹೊರಗೆ ಪಳಪಳ ಮಾಡುವುದಕ್ಕೆ ಎರಡು ನಿಮಿಷ ಸಾಕು ಮಾಷ್ಟ್ರೆ. ಅರಬಿ ನೋಡುವುದೂ ಹೊರಗೆಯೇ. ಆದರೆ ನಮ್ಮ ಸೂಪರ್ವೈಸರ್ ಒಬ್ಬ ಮಲಬಾರಿ ಇದ್ದ, ಅವ ಒಳಗೆ ಕೈ ಹಾಕಿ ನೋಡ್ತಿದ್ದ.”

ನಾನು ಅಜ್ಜಿಯ ಬೆರಳನ್ನು ನೆನೆದೆ. ಗಲ್ಫಿನಲ್ಲೂ ಅವಳಂಥವರು ಇದ್ದಾರೆ ಎಂದು ಸಂತೋಷವಾಯಿತು.

ಹಮೀದಾಕರ ಪಾಠವನ್ನೆಲ್ಲ ನಾನು ತಪ್ಪದೆ ಪಾಲಿಸಿದೆ ಎಂದು ತಿಳಿಯಬೇಡಿ. ಮೇಷ್ಟ್ರಿಗೆ ಪಾಠ ಹೇಳಿದರೆ ಅವನು ಅದಕ್ಕೆ ತನ್ನದೂ ಒಂದು ಅಧ್ಯಾಯ ಸೇರಿಸುತ್ತಾನೆ. ಟಯರು ಹೊಸದರ ಹಾಗೆ ಕಪ್ಪಾಗಿ ಕಾಣಲು ಏನು ಹಚ್ಚಬೇಕು ಎಂಬ ಪ್ರಶ್ನೆ ಬಂತು. ಅಂಗಡಿಯಲ್ಲಿ ಪಾಲಿಶ್ ಸಿಗುತ್ತದೆ. ನನಗೆ ಮಾತ್ರ ಆಗಷ್ಟೇ ಸೌದೆ ಕೊಟ್ಟಿಗೆಯ ಸೂರಿನ ಮರದ ಪಕ್ಕಾಸಿಗೆ ಬಳಿದು ಉಳಿದಿದ್ದ ಗೇರೆಣ್ಣೆಯ ಡಬ್ಬ ಕಣ್ಣಿಗೆ ಬಿತ್ತು. ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಕಪ್ಪು ಎಣ್ಣೆಯನ್ನು ನಮ್ಮ ಕಡೆಯಲ್ಲಿ ಮರಕ್ಕೆ ಬಳಿಯುತ್ತೇವೆ, ಗೆದ್ದಲು ಹತ್ತಿರ ಸುಳಿಯುವುದಿಲ್ಲ. ಮರವನ್ನು ಇಷ್ಟು ವರ್ಷ ಕಾಪಾಡುವ ಎಣ್ಣೆ ರಬ್ಬರನ್ನು ಕಾಪಾಡದೆ ಇರುತ್ತದೆಯೇ ಎಂಬುದು ನನ್ನ ತರ್ಕ. ನಾಲ್ಕೂ ಟಯರಿಗೆ ಬಳಿದೆ. ಕಪ್ಪು ಎಂದರೆ ಅಂಥ ಕಪ್ಪು. ದೂರ ನಿಂತು ನೋಡಿ ಹೆಮ್ಮೆಪಟ್ಟೆ.

ಸಂಜೆಗೆ ನನ್ನ ಎರಡೂ ಕೈ ಬೊಬ್ಬೆ. ಗೇರೆಣ್ಣೆ ಚರ್ಮವನ್ನು ಸುಡುತ್ತದೆ ಎಂದು ಗೊತ್ತಿಲ್ಲದವನಲ್ಲ, ಪಕ್ಕಾಸಿಗೆ ಬಳಿಯುವಾಗ ಕೈಗೆ ಪ್ಲಾಸ್ಟಿಕ್ ಕಟ್ಟಿಕೊಂಡಿದ್ದೆ. ಟಯರಿಗೆ ಬಳಿಯುವಾಗ ಉತ್ಸಾಹದಲ್ಲಿ ಬಿಟ್ಟುಹೋಯಿತು. ಮರುದಿನ ಅಂಗಳದ ಸಿಮೆಂಟಿನ ಮೇಲೆ ಗೇಟಿನವರೆಗೆ ಎರಡು ಕಪ್ಪು ಪಟ್ಟಿ, ಟಯರಿನ ಮೇಲೆ ಊರಿನ ಧೂಳೆಲ್ಲ. ಹಮೀದಾಕ ಬಂದು ನೋಡಿದರು, ನನ್ನ ಕೈ ನೋಡಿದರು, ಟಯರು ನೋಡಿದರು.

“ಒಂದು ಲಾಭ ಉಂಟು ಮಾಷ್ಟ್ರೆ,” ಎಂದರು. “ನಿಮ್ಮ ಟಯರಿಗೆ ಇನ್ನು ಗೆದ್ದಲು ಹಿಡಿಯುವುದಿಲ್ಲ.”

ವನಜಾ ಒಂದು ವಾರ ನನಗೆ ದನಕ್ಕೆ ಹಚ್ಚುವ ಮುಲಾಮನ್ನು ಹಚ್ಚಿದಳು. ಮನುಷ್ಯರದ್ದು ತರಲೇ ಎಂದರೆ ಬೇಡ, ಇದೇ ಸರಿಹೋಗುತ್ತದೆ ಎಂದಳು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಹೀಗೆ ತಮಾಷೆ ಇತ್ತು. ನಾಯಿಗಳು ಚಕ್ರಕ್ಕೆ ಕಾಲೆತ್ತದಿರಲಿ ಎಂದು ನಾನು ನೀಲಿ ನೀರಿನ ಬಾಟಲಿ ಇಟ್ಟದ್ದೂ, ನಾಯಿ ಮೊದಲು ಬಾಟಲಿಗೆ ಕಾಲೆತ್ತಿ ಆಮೇಲೆ ಚಕ್ರಕ್ಕೆ ಎತ್ತಿದ್ದೂ, ಕೊನೆಗೆ ಬಿಸಿಲಿಗೂ ನಾಯಿಗೂ ಒಟ್ಟಿಗೆ ಆಗಲಿ ಎಂದು ನಾಲ್ಕು ಚಕ್ರಕ್ಕೆ ನಾಲ್ಕು ಅಡಿಕೆ ಹಾಳೆ ಒರಗಿಸಿದ್ದೂ ಆಗಲೇ. ಹಾಳೆ ಒರಗಿಸಿದ ಕಾರನ್ನು ನೋಡಿ ವನಜಾ, “ಊಟಕ್ಕೆ ಕೂತ ಹಾಗೆ ಉಂಟು” ಎಂದು ಬಹಳ ನಕ್ಕಿದ್ದಳು.

ಆಮೇಲೆ ಆ ವರ್ಷ ದೀಪಾವಳಿ ಕಳೆದ ಮೇಲೆ ಕಾಲುಬಾಯಿ ಜ್ವರ ಬಂತು. ಮನುಷ್ಯರಿಗೆ ಏನೂ ಮಾಡದ ರೋಗ ಅದು. ದನದ ಬಾಯಿಯಲ್ಲಿ, ಗೊರಸಿನ ಸಂದಿನಲ್ಲಿ ಹುಣ್ಣಾಗುತ್ತದೆ. ದೊಡ್ಡ ದನ ಹೇಗೋ ಚೇತರಿಸಿಕೊಳ್ಳುತ್ತದೆ, ಎಳೆಗರು ನಿಂತಲ್ಲೇ ಬಿದ್ದುಹೋಗುತ್ತದೆ. ಹಟ್ಟಿಯಿಂದ ಹಟ್ಟಿಗೆ ಅದು ಚಪ್ಪಲಿಯಲ್ಲಿ ಹೋಗುತ್ತದೆ, ಹಾಲಿನ ಕ್ಯಾನಿನ ಬುಡದಲ್ಲಿ ಹೋಗುತ್ತದೆ, ಗಾಡಿಯ ಚಕ್ರದಲ್ಲಿ ಹೋಗುತ್ತದೆ. ವನಜಾ ಹತ್ತು ಪೊಟ್ಟಣ ವಾಷಿಂಗ್ ಸೋಡಾ ತಂದು ನನ್ನ ಮುಂದೆ ಇಟ್ಟಳು.

“ನನ್ನ ಬೂಟು, ಕೈ, ಬಟ್ಟೆ ನಾನು ನೋಡಿಕೊಳ್ತೇನೆ. ಚಕ್ರ ನಿಮ್ಮದು. ದಿನಕ್ಕೊಂದು ಪೊಟ್ಟಣ. ಸೋಡಾ ನೀರಲ್ಲಿ ತೊಳೆದು ಹತ್ತು ನಿಮಿಷ ಬಿಟ್ಟು ಆಮೇಲೆ ಒಳ್ಳೆ ನೀರು ಹಾಕಿ. ಒಂದು ದಿನವೂ ತಪ್ಪಬಾರದು.”

ಹೊಳೆಯುವ ಅಲಾಯ್ ಚಕ್ರವಾದರೆ ಸೋಡಾ ತಾಗಿ ಕಲೆ ಬೀಳುತ್ತದೆ ಎಂದು ಹಮೀದಾಕ ಎಚ್ಚರಿಸಿದರು. ನಮ್ಮದು ಕಬ್ಬಿಣದ ಸಾದಾ ರಿಮ್ಮು, ಆ ಹೆದರಿಕೆ ಇರಲಿಲ್ಲ. ಮೊದಲ ಬಾರಿಗೆ ನನ್ನ ಕೆಲಸ ಚಂದಕ್ಕಲ್ಲ, ಅಗತ್ಯಕ್ಕೆ ಎಂದಾಯಿತು. ನಿಜ ಹೇಳುತ್ತೇನೆ, ನನಗೆ ಅದರಲ್ಲಿ ಸ್ವಲ್ಪ ಜಂಬವೂ ಬಂತು. ಎಂಟು ದಿನ ತಪ್ಪದೆ ತೊಳೆದೆ.

ಒಂಬತ್ತನೆಯ ಸಂಜೆ ಅವಳು ಅಳದಂಗಡಿಯ ಕಡೆಯಿಂದ ಬಂದಳು. ಅಲ್ಲಿ ಎರಡು ಹಟ್ಟಿಯಲ್ಲಿ ರೋಗ ಇತ್ತು. ಹಿಂದಿನ ದಿನ ಮಳೆ ಬಿದ್ದದ್ದರಿಂದ ಟಯರಿನ ಗೀರುಗಳ ತುಂಬ ಆ ಕೆಂಪು ಅಂಟು ಮಣ್ಣು. ನಾನು ಜಗಲಿಯಲ್ಲಿ ಕೂತು ಸನ್ಮಾನಪತ್ರ ಬರೆಯುತ್ತಿದ್ದೆ. ನಿವೃತ್ತ ಕನ್ನಡ ಮೇಷ್ಟ್ರಿಗೆ ಊರು ಬಿಡದೆ ಹಚ್ಚುವ ಕೆಲಸ ಅದೊಂದು. ಸಹಕಾರಿ ಸಂಘದ ಹಿರಿಯರೊಬ್ಬರಿಗೆ ಮರುದಿನ ಸನ್ಮಾನ, ನಾನು ಮೂರನೆಯ ಪ್ಯಾರಾದಲ್ಲಿದ್ದೆ. ‘ಕರ್ತವ್ಯನಿಷ್ಠರೂ’ ಎಂದು ಬರೆದು, ಅದರ ಪಕ್ಕದಲ್ಲಿ ಇನ್ನೊಂದು ತೂಕದ ಶಬ್ದ ಯಾವುದು ಹೊಂದುತ್ತದೆ ಎಂದು ಯೋಚಿಸುತ್ತಿದ್ದೆ. ಪ್ಯಾರಾ ಮುಗಿಸಿ ಏಳುವ ಎಂದುಕೊಂಡೆ. ಮುಗಿಯುವಾಗ ಕತ್ತಲಾಗಿತ್ತು, ಸೊಳ್ಳೆ ಶುರುವಾಗಿತ್ತು. ಬೆಳಿಗ್ಗೆ ಬೇಗ ಎದ್ದು ತೊಳೆದರಾಯಿತು ಎಂದುಕೊಂಡೆ.

ವನಜಾ ಬಚ್ಚಲಿನಿಂದ ಕೂಗಿ ಕೇಳಿದಳು, “ಚಕ್ರ ಆಯ್ತಾ?”

“ಆಯ್ತು” ಎಂದೆ.

ಅಷ್ಟೇ. ಆ ಶಬ್ದ ಬಾಯಿಯಿಂದ ಬೀಳುವಾಗ ನನಗೆ ಅದು ಸುಳ್ಳು ಎಂದೂ ಅನಿಸಲಿಲ್ಲ, ಬೆಳಿಗ್ಗೆ ನಿಜವಾಗಲಿರುವ ಒಂದು ಮಾತು ಎಂದು ಅನಿಸಿತು.

ಬೆಳಿಗ್ಗೆ ಐದೂವರೆಗೆ ಫೋನು ಬಂತು. ಪೊಳಲಿಯ ಹತ್ತಿರದ ಲೀಲಕ್ಕನದು. ಲೀಲಕ್ಕ ಬೀಡಿ ಕಟ್ಟಿ, ಒಂದು ದನ ಸಾಕಿ ಬದುಕುವ ಒಂಟಿ ಹೆಂಗಸು. ವನಜಾಳಿಗೆ ಹಳೆಯ ಪರಿಚಯ, ನಮಗೆ ಬಸಳೆ ತಂದುಕೊಳ್ಳುವ ಗೋಜೇ ಇರದಷ್ಟು ಬಸಳೆ ಕಳಿಸುತ್ತಿದ್ದವಳು. ದನ ಕರು ಹಾಕಲಾರದೆ ಒದ್ದಾಡುತ್ತಿದೆ, ಕರು ಅಡ್ಡ ಬಿದ್ದಿದೆ ಎಂದಳು. ನಾನು ಹಲ್ಲುಜ್ಜುತ್ತಾ ಹಿತ್ತಲಿನಲ್ಲಿದ್ದೆ. ಕಾರು ಹೊರಟ ಸದ್ದು ಕೇಳಿ ಅಂಗಳಕ್ಕೆ ಬರುವಾಗ ಅದು ಗೇಟು ದಾಟುತ್ತಿತ್ತು. ಹಿಂದಿನ ಚಕ್ರದಲ್ಲಿ ಕೆಂಪು ಕಾಣುತ್ತಿತ್ತು. ಕೂಗಿದ್ದರೆ ಕೇಳುತ್ತಿತ್ತು. ನನ್ನ ಬಾಯಲ್ಲಿ ಪೇಸ್ಟಿನ ನೊರೆ ಇತ್ತು. ಈ ಎರಡು ವರ್ಷದಲ್ಲಿ ನನಗೆ ನಾನೇ ಎಷ್ಟೋ ಸಲ ಕೊಟ್ಟುಕೊಂಡ ಕಾರಣ ಆ ನೊರೆ. ಉಗುಳಲು ಅರ್ಧ ಸೆಕೆಂಡು ಸಾಕು.

ವನಜಾ ಕರುವನ್ನು ಉಳಿಸಿದಳು. ಹೆಣ್ಣು ಕರು, ಹಣೆಯಲ್ಲಿ ಬಿಳಿ ಬೊಟ್ಟು. ಖುಷಿಯಿಂದ ಬಂದು ಹೇಳಿದಳು. ನಾನು ಅಷ್ಟರಲ್ಲಿ ಬಳಸದೆ ಉಳಿದ ಆ ದಿನದ ಪೊಟ್ಟಣವನ್ನು ಹಂಡೆಯ ಹಿಂದಕ್ಕೆ ದೂಡಿದ್ದೆ, ಎಣಿಕೆ ಸರಿಯಾಗಲಿ ಎಂದು. ಒಂಬತ್ತು ದಿನವಾದ ಮೇಲೆ ಲೀಲಕ್ಕನ ದನಕ್ಕೆ ಜೊಲ್ಲು ಸುರಿಯತೊಡಗಿತು. ಹನ್ನೊಂದನೆಯ ದಿನ ಕರು ಸತ್ತಿತು. ದನ ಉಳಿಯಿತು, ಆದರೆ ಆ ಸಲದ ಹಾಲು ಹೋಯಿತು, ಒಂದು ಕಾಲು ಸ್ವಲ್ಪ ಎಳೆಯುತ್ತದೆ.

ರೋಗ ಚಕ್ರದಿಂದಲೇ ಹೋಯಿತು ಎಂದು ಯಾರೂ ಹೇಳಲಾರರು. ಹಾಲಿನ ಕ್ಯಾನು ಇತ್ತು, ಹುಲ್ಲು ಮಾರುವ ಟೆಂಪೊ ಇತ್ತು, ನೆರೆಯ ಹಟ್ಟಿಗಳಿದ್ದವು. ಇದನ್ನೆಲ್ಲ ನಾನು ನನಗೆ ಬಹಳ ಚೆನ್ನಾಗಿ ವಾದಿಸಿ ತೋರಿಸಿದ್ದೇನೆ. ಆ ವಾದದಲ್ಲಿ ಗೆದ್ದರೂ ಸಂಜೆಯಾದ ಕೂಡಲೇ ಬಕೆಟು ಹಿಡಿದು ಹೋಗುತ್ತಿದ್ದೆ. ರೋಗ ಇರಲಿ ಇಲ್ಲದಿರಲಿ, ದಿನವೂ ತೊಳೆದೆ. ಊರಿನವರು ‘ಮಾಷ್ಟ್ರಿಗೆ ಚಕ್ರದ ಹುಚ್ಚು’ ಎಂದು ನಕ್ಕರು. ಹಮೀದಾಕ ಮಾತ್ರ ನಗಲಿಲ್ಲ. ಒಂದು ದಿನ ಬೇಲಿಯ ಹತ್ತಿರ ನಿಂತು, “ಅಷ್ಟು ಉಜ್ಜಬೇಡಿ ಮಾಷ್ಟ್ರೆ, ರಿಮ್ಮಿನ ಬಣ್ಣ ಹೋಗ್ತದೆ” ಎಂದು ಹೇಳಿ ಒಳಗೆ ಹೋದರು.

ವನಜಾ ಆಮೇಲೆ ಲೀಲಕ್ಕನ ಮನೆಗೆ ಹೋಗಲಿಲ್ಲ. ಫೋನು ಬಂದರೆ ಬೇರೆ ಡಾಕ್ಟರನ್ನು ಕಳಿಸುತ್ತಿದ್ದಳು. ಬಸಳೆ ಬರುವುದು ನಿಂತಿತು. ‘ಇವತ್ತು ಎಲ್ಲಿ ಹೇಳಿ ನೋಡುವ’ ಎಂಬ ಆಟವೂ ನಿಂತಿತು. ಚಕ್ರದ ಮಾತೇ ನಮ್ಮಿಬ್ಬರ ನಡುವೆ ಬರುತ್ತಿರಲಿಲ್ಲ. ಅವಳ ಕೈಯಲ್ಲಿ ಹುಟ್ಟಿದ ಕರು ಸತ್ತಿತೆಂದು ಅವಳಿಗೆ ಬೇಸರ ಎಂದುಕೊಂಡೆ. ಅವಳು ತನ್ನ ಬೂಟನ್ನು ಎರಡೆರಡು ಸಲ ತೊಳೆಯುವುದನ್ನು ದಿನವೂ ನೋಡುತ್ತಿದ್ದೆ. ಬೂಟಿನದ್ದಲ್ಲ ತಪ್ಪು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಇಡೀ ಊರಿನ ಹಿರಿಯರಿಗೆಲ್ಲ ಶಬ್ದ ಹೊಂದಿಸಿ ಕೊಡುವವನಿಗೆ ಎರಡು ವರ್ಷ ನಾಲ್ಕು ಶಬ್ದ ಸಿಗಲಿಲ್ಲ.

ಇನ್ನು ಕಳೆದ ಭಾನುವಾರಕ್ಕೆ ಬರುತ್ತೇನೆ. ಹಂಡೆ ತೂತಾಗಿ ಬದಲಿಸಬೇಕಿತ್ತು. ಶನಿವಾರ ನಾನು ಸನ್ಮಾನವೊಂದಕ್ಕೆ ಹೋಗಿದ್ದಾಗ ವನಜಾ ಅದನ್ನು ತೆಗೆಸಿದ್ದಳು. ಹಾಗೆ ಸಿಕ್ಕಿತ್ತು ಪೊಟ್ಟಣ. ನಾನು ಮೆಟ್ಟಿಲ ಮೇಲೆ ಅದರ ಪಕ್ಕದಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಎರಡು ಲೋಟ ಚಹಾ ತಂದು ಇನ್ನೊಂದು ಬದಿಗೆ ಕೂತಳು. ಮಧ್ಯದಲ್ಲಿ ಪೊಟ್ಟಣ.

“ಆ ದಿನ ನಾನು ತೊಳೆದಿರಲಿಲ್ಲ ವನಜಾ,” ಎಂದೆ. ಹೇಳಿ ಮುಗಿದ ಮೇಲೆ ಎಣಿಸಿದೆ, ನಾಲ್ಕಲ್ಲ, ಐದು ಶಬ್ದ.

ಅವಳು ಚಹಾ ಊದಿದಳು. “ನನಗೆ ಗೊತ್ತುಂಟು.”

“ಇದು ಸಿಕ್ಕಿದ ಮೇಲೆ ಗೊತ್ತಾಯ್ತಾ?”

“ಅಲ್ಲ. ಆ ದಿನವೇ. ಲೀಲಕ್ಕನಲ್ಲಿಗೆ ಹೊರಡಲು ಕಾರಿನ ಬಾಗಿಲು ತೆಗೆಯುವಾಗ ಮುಂದಿನ ಚಕ್ರ ನೋಡಿದೆ. ಕೆಂಪು ಮಣ್ಣು ಹಾಗೇ ಇತ್ತು.”

ನಾನು ಅವಳ ಮುಖ ನೋಡಿದೆ. ಅವಳು ಅಂಗಳದ ಕಾರನ್ನೇ ನೋಡುತ್ತಿದ್ದಳು.

“ತೊಳೆಯುತ್ತಾ ನಿಂತರೆ ದನವೂ ಉಳಿಯುವುದಿಲ್ಲ ಅಂತ ಕಾಣಿಸಿತು. ಅದು ಸರಿಯೇ. ಆದರೆ ಕಾರು ರಸ್ತೆಯಲ್ಲಿ ನಿಲ್ಲಿಸಿ ನಡೆದುಹೋಗಬಹುದಿತ್ತು. ನೂರು ಹೆಜ್ಜೆ ಇಲ್ಲ. ಅವಸರದಲ್ಲಿ ಹಟ್ಟಿಯ ಬಾಗಿಲಿಗೇ ಕೊಂಡುಹೋದೆ. ಡಾಕ್ಟರು ನಾನು, ನೀವಲ್ಲ.”

“ಮತ್ತೆ ಎರಡು ವರ್ಷ ನನ್ನನ್ನು ಒಂದು ಮಾತೂ ಕೇಳಲಿಲ್ಲ ಯಾಕೆ?”

“ಕೇಳಿದರೆ ನೀವು ಕೇಳ್ತಿದ್ರಿ, ನೋಡಿಯೂ ಯಾಕೆ ಹೋದದ್ದು ಅಂತ. ನೀವು ದಿನಾ ಉಜ್ಜುವುದನ್ನು ಕಿಟಕಿಯಿಂದ ನೋಡ್ತಿದ್ದೆ. ಪಾಪ ಅನಿಸ್ತಿತ್ತು. ಆದರೂ ಬಾಯಿ ಬರಲಿಲ್ಲ.”

ಅವಳು ಅತ್ತಳು. ನಾನೂ ಅತ್ತೆ, ಅದನ್ನು ಮುಚ್ಚಿಡಲು ಕಾರಣವಿಲ್ಲ. ಇಬ್ಬರೂ ಒಂದೇ ಕರುವನ್ನು ಬೇರೆ ಬೇರೆ ಕೋಣೆಯಲ್ಲಿ ಹೂತಿಟ್ಟಿದ್ದೆವು. ಚಹಾ ತಣ್ಣಗಾದ ಮೇಲೆ ಅವಳು ಸೆರಗಿನಲ್ಲಿ ಮುಖ ಒರೆಸಿ ಎದ್ದಳು.

“ಏಳಿ. ಲೀಲಕ್ಕನಲ್ಲಿಗೆ ಹೋಗಿ ಬರುವ.”

“ಚಕ್ರ ತೊಳೆದು ಬರ್ತೇನೆ” ಎಂದೆ. ತೊಳೆದೆ. ಅವಳು ಪಕ್ಕದಲ್ಲಿ ನಿಂತು ನೀರು ಹಾಕಿದಳು. ಹೊರಡುವಾಗ ಪೊಟ್ಟಣವನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

ಈ ಸಲ ಕಾರನ್ನು ರಸ್ತೆಯಲ್ಲೇ ನಿಲ್ಲಿಸಿ ನಡೆದೆವು. ಲೀಲಕ್ಕ ಜಗಲಿಯಲ್ಲಿ ತಟ್ಟೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ನಮ್ಮನ್ನು ನೋಡಿ ಏಳಲೂ ಇಲ್ಲ, ಕೂರಲು ಹೇಳದೆಯೂ ಇರಲಿಲ್ಲ. ಬೆಲ್ಲ, ನೀರು ತಂದಿಟ್ಟು ಮತ್ತೆ ತಟ್ಟೆ ಹಿಡಿದಳು. ನಾನು ನಿಂತುಕೊಂಡೇ ಹೇಳಿದೆ. ಸನ್ಮಾನಪತ್ರದ ಒಂದು ಶಬ್ದವೂ ಬಳಸದೆ, ಆದದ್ದನ್ನು ಆದ ಹಾಗೆ. ವನಜಾ ತನ್ನ ಭಾಗವನ್ನು ತಾನು ಹೇಳಿದಳು. ಲೀಲಕ್ಕನ ಬೆರಳುಗಳು ಎಲೆ ಸುರುಳಿ ಮಾಡುತ್ತಲೇ ಇದ್ದವು. ಕರುವಿನ ಮಾತು ಬಂದಾಗ ಮಾತ್ರ ನಿಂತವು.

“ಚಕ್ರದಿಂದ ಬಂತೋ ಬೇರೆ ಎಲ್ಲಿಂದ ಬಂತೋ ನನಗೆ ಹೇಗೆ ಗೊತ್ತಾಗಬೇಕು ಮಾಷ್ಟ್ರೆ,” ಎಂದಳು. “ಬಂದಿರಲೂಬಹುದು. ಅದಕ್ಕೆ ಬೊಟ್ಟು ಅಂತ ಹೆಸರಿಟ್ಟಿದ್ದೆ.” ಮತ್ತೆ ವನಜಾಳ ಕಡೆಗೆ ತಿರುಗಿದಳು. “ಆದರೆ ಡಾಕ್ಟ್ರಮ್ಮ, ನೀವು ಬರುವುದು ನಿಲ್ಲಿಸಿದ್ರಲ್ಲ. ಕರು ಸತ್ತ ದಿನ ನಾನು ಫೋನಿನಲ್ಲಿ ಎಂತಾದ್ರೂ ಒರಟು ಮಾತಾಡಿದೆನಾ ಅಂತ ಎರಡು ವರ್ಷದಿಂದ ಯೋಚನೆ ಮಾಡ್ತಿದ್ದೇನೆ. ಬಸಳೆ ಕೊಯ್ಯುವಾಗೆಲ್ಲ ಯೋಚನೆ ಬರ್ತಿತ್ತು. ನನ್ನಿಂದ ತಪ್ಪಾಯ್ತು ಅಂತಲೇ ತಿಳಿದದ್ದು.”

ನನಗೆ ಆ ಹೊತ್ತಿನಲ್ಲಿ ಕರು ಸತ್ತದ್ದಕ್ಕಿಂತಲೂ ಇದು ಹೆಚ್ಚು ಚುಚ್ಚಿತು. ಕರುವಿನ ವಿಷಯದಲ್ಲಿ ನಾವು ತಪ್ಪಿತಸ್ಥರು ಹೌದೋ ಅಲ್ಲವೋ ಎಂದು ಸಂಶಯವಾದರೂ ಇತ್ತು, ಇದರಲ್ಲಿ ಅದೂ ಇರಲಿಲ್ಲ.

ಹಟ್ಟಿಯಲ್ಲಿ ದನ ಕೂಗಿತು. ಲೀಲಕ್ಕ ತಟ್ಟೆ ಕೆಳಗಿಟ್ಟಳು.

“ಅದಕ್ಕೆ ಮತ್ತೆ ತಿಂಗಳು ತುಂಬುತ್ತಾ ಬಂತು. ಕಾಲು ಎಳೆಯುವ ಕಾರಣ ನನಗೆ ಹೆದರಿಕೆ. ನೋಡ್ತೀರಾ?”

ವನಜಾ ಆಗಲೇ ಎದ್ದಿದ್ದಳು. ಅವಳ ಸಲಕರಣೆಯ ಪೆಟ್ಟಿಗೆ ಕಾರಿನಲ್ಲಿತ್ತು. ಕಾರನ್ನೇ ಹತ್ತಿರ ತರಲೇ ಎಂದು ಲೀಲಕ್ಕನನ್ನು ಕೇಳಿದಳು. ಹಿಂದೆ ಕೇಳದೆ ತಂದಿದ್ದವಳು. ಲೀಲಕ್ಕ ನನ್ನನ್ನು ನೋಡಿದಳು.

“ತನ್ನಿ. ಅಂಗಳದ ಹೊರಗೆ ನಿಲ್ಲಲಿ. ಮಾಷ್ಟ್ರು ಅಲ್ಲಿ ಚಕ್ರ ತೊಳೆಯಲಿ, ಆಮೇಲೆ ಒಳಗೆ.”

ಬೆಳಿಗ್ಗೆಯಷ್ಟೇ ತೊಳೆದಿದ್ದೇನೆ ಎಂಬ ಮಾತು ನನ್ನ ತುದಿನಾಲಗೆಗೆ ಬಂತು. ನುಂಗಿದೆ. ಈ ಅಂಗಳದಲ್ಲಿ ಆ ಮಾತಿಗೆ ಏನು ಬೆಲೆ ಎಂದು ನನಗೇ ಗೊತ್ತಿತ್ತು.

ಲೀಲಕ್ಕ ದೊಡ್ಡ ಬಕೆಟಿನಲ್ಲಿ ನೀರು ತಂದಳು. ವನಜಾ ಪೊಟ್ಟಣ ತೆಗೆದುಕೊಟ್ಟಳು. ಮೆಟ್ಟುಕಲ್ಲಿನ ಮೇಲಿಟ್ಟು ಇನ್ನೊಂದು ಕಲ್ಲಿನಿಂದ ಜಜ್ಜಿ ಒಡೆದೆ, ಎರಡು ವರ್ಷದ ಸೋಡಾ ಬಿಳಿ ತುಂಡುಗಳಾಗಿ ನೀರಿಗೆ ಬಿತ್ತು, ಕೈಯಾಡಿಸಿದರೆ ಕರಗಿತು. ನಾನು ನೆಲಕ್ಕೆ ಮೊಣಕಾಲೂರಿ ಮುಂದಿನ ಎಡಚಕ್ರದಿಂದ ಶುರು ಮಾಡಿದೆ. ಒಳಮುಖ, ನಟ್ಟು, ಗೀರುಗಳು, ಹೊರಮುಖ. ಬೂದು ಮಣ್ಣು ಸ್ವಲ್ಪ ಇಳಿಯಿತು, ರಸ್ತೆಯದ್ದು. ನಾಲ್ಕೂ ಮುಗಿಸುವಾಗ ಸೊಂಟ ಹಿಡಿದಿತ್ತು. ಲೀಲಕ್ಕ ಅಷ್ಟು ಹೊತ್ತೂ ಅಲ್ಲೇ ನಿಂತಿದ್ದಳು. ಮೆಚ್ಚುಗೆಯಿಂದಲ್ಲ, ಸಿಟ್ಟಿನಿಂದಲೂ ಅಲ್ಲ. ತನ್ನ ದನದ ಮನೆಗೆ ಬರುವುದನ್ನು ತಾನು ನೋಡಿಕೊಳ್ಳುವವಳ ಹಾಗೆ.

ನಾನು ಏಳಲು ಹೋದಾಗ ಅವಳು ಬಗ್ಗಿದಳು. ಹಿಂದಿನ ಚಕ್ರದ ರಿಮ್ಮಿನ ತೂತಿನಲ್ಲಿ ಕೈ ಹಾಕಿ, ಒಳಬದಿಗೆ ಬೆರಳು ಇಟ್ಟು, ಹೊರತೆಗೆದು ನೋಡಿದಳು. ತಂಬಾಕಿನ ಬಣ್ಣ ಹಿಡಿದ ಬೆರಳು, ನೀರು ತೊಟ್ಟಿಕ್ಕುತ್ತಿತ್ತು. ಮಣ್ಣು ಇರಲಿಲ್ಲ.

“ಆಯ್ತು,” ಎಂದಳು ಲೀಲಕ್ಕ, ಮತ್ತು ಹಟ್ಟಿಯ ಬಾಗಿಲು ತೆಗೆದಳು.